ಕನ್ನಡ ಶಾಲೆಯ ಲೆಕ್ಕ ಯಾರು ಕೊಡಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಿರಸಿ ಪೇಟೆಯ ಚಾ ಅಂಗಡಿಯಲ್ಲಿ ಕೂತರೆ ಎರಡು ಜಗಳ ಒಟ್ಟಿಗೇ ಕೇಳುತ್ತವೆ. ಒಂದು, ಈ ಸಲ ಕಾರವಾರ ಮುಂದೋ ಶಿರಸಿ ಮುಂದೋ ಅನ್ನುವುದು. ಕಂದಾಯಕ್ಕೆ ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಎರಡು. ಕರಾವಳಿಯ ಐದು ತಾಲೂಕು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಇನ್ನೊಂದು, ರಿಸಲ್ಟ್ ಬಿದ್ದರೆ ಯಾರನ್ನು ಹಿಡಿದು ಕೇಳಬೇಕು ಅನ್ನುವುದು. ಮೊದಲಿನ ಜಗಳ ಸಂಜೆಯೊಳಗೆ ಮುಗಿಯುತ್ತದೆ. ಎರಡನೆಯದು ಬಹಳ ಹಳೆಯದು.

1956ರ ತನಕ ಈ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಎಷ್ಟೋ ಹೈಸ್ಕೂಲುಗಳನ್ನು ಊರಿನವರೇ ಕಟ್ಟಿಕೊಂಡರು. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಶುರುಮಾಡಿ ಕರಾವಳಿಯ ಹಳ್ಳಿಗಳಿಗೆ ಹೈಸ್ಕೂಲು ತಂದರು. ಆಮೇಲೆ ಅನುದಾನ ಬಂತು, ಗೋಕಾಕ್ ಚಳವಳಿ ಆಯಿತು, 1983ರ ಶಿಕ್ಷಣ ಕಾಯ್ದೆ 1995ರಲ್ಲಿ ಜಾರಿಯಾಯಿತು. ಮಾಸ್ತರರ ಸಂಬಳದ ಜೊತೆ ಅವರ ಲೆಕ್ಕ ಕೇಳುವ ಕೆಲಸವೂ ಬೆಂಗಳೂರಿಗೆ ಹೋಯಿತು.

ಅದನ್ನು ಊರಿಗೆ ವಾಪಸ್ ತರುವ ಪ್ರಯತ್ನ ನಡೆದದ್ದು 2001ರಲ್ಲಿ. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಆಗ ಪಾಲಕರೇ ತಮ್ಮೊಳಗಿಂದ 9 ಜನರನ್ನು ಆರಿಸಿ ಕಳಿಸಬೇಕಿತ್ತು. ಹಾಗೆ ಹೋದವರಲ್ಲಿ ನಾನೂ ಒಬ್ಬ.

ನಮ್ಮೂರಿನದು ಹೆಂಚಿನ ಮಾಡಿನ ಎರಡು ಕೋಣೆಯ ಕನ್ನಡ ಶಾಲೆ. ಮಕ್ಕಳು 14, ಪಾಠ ಮಾಡುವ ಅಕ್ಕೋರು ಒಬ್ಬರೇ. ನಲಿಕಲಿಯ ಚಿಕ್ಕವರು ಈಚೆ ಚಾಪೆ ಮೇಲೆ, ದೊಡ್ಡವರು ಆಚೆ ಬೆಂಚಿನ ಮೇಲೆ. ಬಾಗಿಲ ಹತ್ತಿರ ನಿಂತು ಅಕ್ಕೋರು ಎರಡೂ ಕಡೆ ಕಣ್ಣಿಡುತ್ತಿದ್ದರು. ನಮ್ಮ ಸಭೆಯಲ್ಲಿ ಜಾಸ್ತಿ ಹೊತ್ತು ನಡೆಯುತ್ತಿದ್ದದ್ದು ಬಿಸಿಯೂಟದ ಅಕ್ಕಿ ಮತ್ತು ಮಂಗಗಳ ವಿಚಾರ. ಮಂಗಗಳು ಹೆಂಚು ಒಡೆದುಹಾಕುತ್ತಿದ್ದವು, ಮಳೆಗಾಲದಲ್ಲಿ ಕರಿಹಲಗೆ ಮೇಲೇ ನೀರು ಇಳಿಯುತ್ತಿತ್ತು.

ಒಮ್ಮೆ ಒಬ್ಬರು ಧೈರ್ಯ ಮಾಡಿ ಕೇಳಿದರು: "ಅಕ್ಕೋರೇ, ಮಂಗಳವಾರ ಶಾಲೆ ಬಾಗಿಲು ಹಾಕಿತ್ತಲ್ಲ?"

ಅಕ್ಕೋರು ಸಿಟ್ಟಾಗಲಿಲ್ಲ. "ತಾಲೂಕಿನಲ್ಲಿ ಮೀಟಿಂಗ್ ಇತ್ತು. ಹೋಗದಿದ್ದರೆ ನೋಟಿಸು, ಹೋದರೆ ನೀವು ಕೇಳ್ತೀರಿ. ನನ್ನ ಬದಲಿಗೆ ಯಾರು ಪಾಠ ಮಾಡಬೇಕಿತ್ತು, ನೀವೇ ಹೇಳಿ."

ಯಾರೂ ಏನೂ ಹೇಳಲಿಲ್ಲ. ಪ್ರಶ್ನೆ ಕೇಳುವ ಅಧಿಕಾರ ನಮಗಿತ್ತು, ಸರಿ. ಆದರೆ ಇನ್ನೊಬ್ಬ ಶಿಕ್ಷಕರನ್ನು ತರುವುದು ನಮ್ಮ ಕೈಲಿರಲಿಲ್ಲ, ಅಕ್ಕೋರ ಕೈಲಂತೂ ಅಲ್ಲವೇ ಅಲ್ಲ. ನೇಮಕಾತಿ ರಾಜ್ಯಮಟ್ಟದ್ದು. ವರ್ಗಾವಣೆಗೆ 2007ರಿಂದ ಬೇರೆಯೇ ಕಾಯ್ದೆ, ಕೌನ್ಸೆಲಿಂಗ್. ಅದರಲ್ಲಿ ಘಟ್ಟದ ಒಳಗಿನ ಊರನ್ನು ಇಷ್ಟಪಟ್ಟು ಆರಿಸಿಕೊಳ್ಳುವವರು ಕಡಿಮೆ. ಅವರನ್ನೂ ತಪ್ಪು ಅನ್ನೋಕಾಗಲ್ಲ, ಬಸ್ಸು ದಿನಕ್ಕೆ ಎರಡೇ ಸಲ.

2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಒಂದನೇ ತರಗತಿಯಿಂದ ಐದನೆಯವರೆಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದಾಯಿತು. ಖಾಸಗಿ ಶಾಲೆಯ 25% ಸೀಟು ಬಡಮಕ್ಕಳಿಗೆ ಎಂದಾಯಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು 2019ರಲ್ಲಿ ನಿಯಮ ಬದಲಾಯಿತು. ಅಷ್ಟು ಹೊತ್ತಿಗೆ ಇಂಗ್ಲಿಷ್ ಮಾಧ್ಯಮದ ಹಳದಿ ವ್ಯಾನು ನಮ್ಮೂರ ತಿರುವಿನ ತನಕ ಬರತೊಡಗಿತ್ತು.

ಈಗಿನ ಗೊಂದಲ ಹೆಚ್ಚಾಗಿ ಪರೀಕ್ಷೆಯದು. 2023ರಲ್ಲಿ ಐದು ಮತ್ತು ಎಂಟಕ್ಕೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು. ಮರುವರ್ಷ ಅದು ಹೈಕೋರ್ಟಿನಲ್ಲಿ ರದ್ದಾಯಿತು, ಅಲ್ಲೇ ಮತ್ತೆ ಜೀವ ಪಡೆಯಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಐದನೇ ತರಗತಿಯ ಮಗುವಿಗೆ ಪಾಸೋ ಅಲ್ವೋ ಅಂತ ದಿಲ್ಲಿಯಿಂದ ತಿಳಿಯಬೇಕಾಯಿತು. ಅದೇ 2024ರಲ್ಲಿ ಎಸ್ಸೆಸ್ಸೆಲ್ಸಿ ಕೋಣೆಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89% ಇದ್ದ ರಾಜ್ಯದ ಫಲಿತಾಂಶ 73.40%ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ! ಮುಂದೆ ಹೆಚ್ಚುವರಿ ಕೃಪಾಂಕ ಹೋಯಿತು, 2025-26ಕ್ಕೆ ಪಾಸಿನ ಮಿತಿಯೇ 35%ರಿಂದ 33%ಕ್ಕೆ ಬಂತು. ಪ್ರತಿ ಸಲವೂ ನೋಟಿಸು ಬಂದದ್ದು ಮುಖ್ಯಾಧ್ಯಾಪಕರ ಮೇಜಿಗೆ. ಖಾಲಿ ಹುದ್ದೆಗೆ ಯಾರೂ ನೋಟಿಸು ಕೊಟ್ಟದ್ದನ್ನು ನಾನು ನೋಡಿಲ್ಲ.

ಇದರ ಮೇಲೆ ಈಗ ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಶಾಲೆಯ ಚರ್ಚೆ. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ. 2025ರ ಬಜೆಟ್ಟಿನಲ್ಲಿ ಇಂಥ 500 ಶಾಲೆಗಳ ಮಾತು ಬಂತು. ಸುತ್ತಲಿನ ಸಣ್ಣ ಶಾಲೆಗಳು ಅದರೊಳಗೆ ಕರಗುತ್ತವೆ ಎಂಬ ಆತಂಕದಲ್ಲಿ ಪ್ರತಿಭಟನೆಗಳಾದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎನ್ನುತ್ತದೆ ಸರ್ಕಾರ. ಒಳ್ಳೆಯ ಪ್ರಯೋಗಾಲಯ, ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆಂದರೆ ಬೇಡ ಅನ್ನುವ ಪಾಲಕರು ಯಾರಿದ್ದಾರೆ?

ನಮ್ಮಲ್ಲಿ ಮಾತ್ರ ದೂರದ ಲೆಕ್ಕ ನಕ್ಷೆಯ ಮೇಲಿನದಲ್ಲ. ನಕ್ಷೆಯಲ್ಲಿ 1 ಕಿಲೋಮೀಟರು ಇರುವ ಶಾಲೆಗೆ ಮಧ್ಯೆ ಹಳ್ಳವಿದೆ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕವಿದೆ. ಜುಲೈ ತಿಂಗಳಲ್ಲಿ ಅದು ಇದ್ದರೂ ಇರುತ್ತದೆ, ಇಲ್ಲದಿದ್ದರೂ ಇಲ್ಲ. ನನ್ನ ಅವಧಿಯ ಕೊನೆಯ ಸಭೆಯಲ್ಲಿ, ಮಕ್ಕಳನ್ನು ಆಚೆ ಊರಿಗೆ ಕಳಿಸುವ ಮಾತು ಬಂದಾಗ ಒಬ್ಬ ತಾಯಿ ಸುಮ್ನೆ ಒಂದೇ ಕೇಳಿದಳು, ಮಳೆಗಾಲದಲ್ಲಿ ಸಂಕ ದಾಟಿಸುವವರು ಯಾರು ಅಂತ. ಅಕ್ಕೋರು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು: "ಕಾಲುಸಂಕದ ವಿಷಯ ಚರ್ಚಿಸಲಾಯಿತು." ಕೆಳಗೆ ನಾವೆಲ್ಲ ಸಹಿ ಹಾಕಿದೆವು.