ಬಟ್ಟಲಿನ ಬಣ್ಣ ಬದಲಾಯಿಸಿದರೆ ಅತ್ತೆ ಜಾಸ್ತಿ ಉಣ್ಣುತ್ತಾರಾ?

ಪ್ರಶ್ನೆ: ನನ್ನ ಅತ್ತೆಗೆ ಅಲ್ಜೈಮರ್ ಇದೆ. ಬೆಳಿಗ್ಗೆ ನೀರುದೋಸೆ ಕೊಟ್ಟರೆ ಅರ್ಧ ತಿಂದು ಸುಮ್ಮನೆ ಕೂತುಬಿಡುತ್ತಾರೆ. ನಾವು ಬಾಯಿಗೆ ಇಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಕೆಂಪು ಬಟ್ಟಲಲ್ಲಿ ಕೊಡಿ, ಜಾಸ್ತಿ ತಿನ್ನುತ್ತಾರೆ ಅಂತ ಯಾರೋ ಹೇಳಿದರು. ನಿಜವಾ?
– ಉಡುಪಿಯ ಓದುಗರು

ಉತ್ತರ: ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಿಕೊಳ್ಳುವವರು ಬಹಳ ಮಂದಿ ಇದನ್ನು ಕೇಳುತ್ತಾರೆ. ಮಾತಿನಲ್ಲಿ ಸತ್ಯ ಇದೆ. ಆದರೆ ಕೆಂಪು ಬಣ್ಣಕ್ಕೆ ತನ್ನದೇ ಆದ ಶಕ್ತಿ ಏನೂ ಇಲ್ಲ. ಊಟದ ಬಣ್ಣಕ್ಕೂ ಬಟ್ಟಲಿನ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಇದೆ ಅನ್ನುವುದೇ ಮುಖ್ಯ.

ಬಾಯಿಗೆ ಇಟ್ಟರೆ ತಿನ್ನುತ್ತಾರೆ ಅಂತ ನೀವೇ ಬರೆದಿದ್ದೀರಿ. ಅದು ದೊಡ್ಡ ಸುಳಿವು. ಅಂದರೆ ಊಟ ಬೇಡ ಅಂತಲ್ಲ. ಬಟ್ಟಲಲ್ಲಿ ಇನ್ನೂ ಉಳಿದಿದೆ ಅನ್ನುವುದು ಅವರಿಗೆ ಕಾಣದೇ ಇರಬಹುದು. ಒಮ್ಮೆ ಅವರ ಜಾಗದಲ್ಲಿ ಕೂತು ನೋಡಿ. ಸ್ಟೀಲ್ ಬಟ್ಟಲು, ಮೇಲೆ ಟ್ಯೂಬ್‌ಲೈಟ್. ಮಡಿಸಿಟ್ಟ ನೀರುದೋಸೆ ಬಿಳಿ, ಪಕ್ಕದ ಕಾಯಿಚಟ್ನಿಯೂ ಬಿಳಿ. ಬಟ್ಟಲಿನ ತಳದಲ್ಲಿ ಟ್ಯೂಬ್‌ಲೈಟಿನದೇ ಒಂದು ಬಿಳಿ ಗೆರೆ ಹೊಳೆಯುತ್ತಿರುತ್ತದೆ. ದೋಸೆ ಎಲ್ಲಿ ಮುಗಿಯಿತು, ಹೊಳಪು ಎಲ್ಲಿ ಶುರುವಾಯಿತು ಅಂತ ನಮಗೇ ಒಂದು ಕ್ಷಣ ಬೇಕು. ಅವರಿಗೆ ಗೊತ್ತಾಗದೇ ಹೋದರೆ ಅದು ಹಠ ಅಲ್ಲ. ದಯವಿಟ್ಟು ಆ ಮಾತು ಹೇಳಿ ಅವರನ್ನು ಗದರಬೇಡಿ.

ಅಲ್ಜೈಮರ್ ಅಂದರೆ ಬರೀ ಮರೆವು ಅಂದುಕೊಳ್ಳುತ್ತೇವೆ. ಕಣ್ಣು ಕಳಿಸಿದ ಚಿತ್ರವನ್ನು ಅರ್ಥ ಮಾಡಿಕೊಳ್ಳುವ ಮೆದುಳಿನ ಭಾಗಗಳಿಗೂ ಅದರಿಂದ ಪೆಟ್ಟು ಬೀಳುತ್ತದೆ. ಹತ್ತಿರ ಹತ್ತಿರದ ಎರಡು ಬಣ್ಣ ಒಂದೇ ಆಗಿ ಕಾಣುತ್ತದೆ, ವಸ್ತುವಿನ ಅಂಚು ಸಿಗುವುದಿಲ್ಲ. ಇದರ ಮೇಲೆ ವಯಸ್ಸಿನ ತೊಂದರೆ ಬೇರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಮತ್ತು ಹಸಿರಿನ ವ್ಯತ್ಯಾಸ ಮಸುಕಾಗುತ್ತದೆ. ಪೊರೆ ಬಂದಿದ್ದರೆ ಇನ್ನೂ ಕಷ್ಟ. ಹಾಗಾಗಿ ಹೊಸ ಬಟ್ಟಲು ತರುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ಕೆಂಪು ಬಟ್ಟಲಿನ ಮಾತು ಬಂದದ್ದು ಅಮೆರಿಕದಿಂದ. ಬಾಸ್ಟನ್ ವಿಶ್ವವಿದ್ಯಾಲಯದ ಅಲಿಸ್ ಕ್ರೋನಿನ್-ಗೊಲೊಂಬ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನ 2004ರಲ್ಲಿ ‘ಕ್ಲಿನಿಕಲ್ ನ್ಯೂಟ್ರಿಷನ್’ ಪತ್ರಿಕೆಯಲ್ಲಿ ಬಂತು. ಅಲ್ಜೈಮರ್ ಬಹಳ ಮುಂದುವರಿದಿದ್ದ 9 ಗಂಡಸರಿಗೆ ಬಿಳಿ ಪಾತ್ರೆ ಬಿಟ್ಟು ಗಾಢ ಕೆಂಪು ಪಾತ್ರೆಯಲ್ಲಿ ಕೊಟ್ಟು ನೋಡಿದರು. ತಿನ್ನುವುದು ಶೇಕಡಾ 25, ಕುಡಿಯುವುದು ಶೇಕಡಾ 84 ಹೆಚ್ಚಾಯಿತು. ಈ ಎರಡು ಅಂಕಿ ಎಲ್ಲ ಕಡೆ ಓಡಾಡುತ್ತವೆ. ಮುಂದಿನ ಭಾಗವನ್ನು ಮಾತ್ರ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗಾಢ ನೀಲಿ ಪಾತ್ರೆಯಿಂದಲೂ ಪ್ರಯೋಜನ ಆಯಿತು. ತೆಳು ಕೆಂಪು, ತೆಳು ನೀಲಿಯಿಂದ ಆಗಲಿಲ್ಲ. 9 ಜನರ ಸಣ್ಣ ಅಧ್ಯಯನ ಇದು, ನಿಮ್ಮ ಅತ್ತೆಗೂ ಇಷ್ಟೇ ವ್ಯತ್ಯಾಸ ಆಗುತ್ತದೆ ಅನ್ನಲು ಬರುವುದಿಲ್ಲ. ಆದರೆ ಖರ್ಚು ಕಡಿಮೆ, ಅಪಾಯ ಇಲ್ಲ. ನಾನಾಗಿದ್ದರೆ ಇವತ್ತೇ ಶುರು ಮಾಡುತ್ತಿದ್ದೆ.

ಈಗ ನಮ್ಮ ಊರಿನ ಅಡುಗೆಗೆ ಬರೋಣ. ನೀರುದೋಸೆ, ಇಡ್ಲಿ, ಕೊಟ್ಟೆ ಕಡುಬು, ಮೊಸರನ್ನ ಎಲ್ಲ ಬಿಳಿ. ಇವಕ್ಕೆ ಗಾಢ ಕೆಂಪೋ ಗಾಢ ನೀಲಿಯೋ ಒಳ್ಳೆಯದು. ಆದರೆ ಅದೇ ಕೆಂಪು ಬಟ್ಟಲಿಗೆ ಬಂಗುಡೆ ಪುಳಿಮುಂಚಿ ಬಡಿಸಿದರೆ ಮೀನು ಬಟ್ಟಲೊಳಗೇ ಕಳೆದುಹೋಗುತ್ತದೆ. ಕುಚ್ಚಲಕ್ಕಿ ಅನ್ನವೂ ಕಂದುಗೆಂಪು, ಅದೂ ಸರಿಯಾಗಿ ಕಾಣುವುದಿಲ್ಲ. ಒಂದೇ ಬಟ್ಟಲು ತರುವುದಾದರೆ ಗಾಢ ನೀಲಿಯದ್ದೇ ತನ್ನಿ. ನಮ್ಮ ಅಡುಗೆಯಲ್ಲಿ ನೀಲಿ ಬಣ್ಣದ ಪದಾರ್ಥ ಇಲ್ಲವೇ ಇಲ್ಲ ಅನ್ನಬಹುದು, ಅಲ್ವಾ? ಹೊಳಪಿಲ್ಲದ್ದು, ಅಂಚು ಸ್ವಲ್ಪ ಎತ್ತರ ಇರುವುದು ಆಗಬೇಕು. ಹೂವಿನ ಚಿತ್ರ ಇರುವುದು ಬೇಡ. ಆ ಹೂವನ್ನೇ ಊಟ ಅಂದುಕೊಂಡು ಹೆಕ್ಕಲು ಹೋಗುವವರಿದ್ದಾರೆ.

ಬಾಳೆಎಲೆಯಲ್ಲೂ ಬಿಳಿ ಅನ್ನ ಚೆನ್ನಾಗಿ ಎದ್ದು ಕಾಣುತ್ತದೆ, ಸ್ಟೀಲಿನ ಹಾಗೆ ಕಣ್ಣಿಗೆ ಹೊಡೆಯುವುದೂ ಇಲ್ಲ. ಬಾಡಿಸಿದ ಎಲೆಯ ತುಂಡನ್ನು ಬಟ್ಟಲೊಳಗೆ ಹಾಸಿ ಬಡಿಸಿ. ಹತ್ತಿರವೇ ಇರಿ, ಕಾಯಿಲೆ ಜಾಸ್ತಿಯಾದವರು ಎಲೆಯನ್ನೇ ಹರಿದು ಬಾಯಿಗೆ ಹಾಕಬಹುದು. ಬಸಳೆ ಪಲ್ಯವನ್ನು ಮಾತ್ರ ಎಲೆ ಮೇಲೆ ಹಾಕಬೇಡಿ. ಕೋಸಂಬರಿಯಿಂದ ಪಾಯಸದವರೆಗೆ ಎಲ್ಲವನ್ನೂ ಒಟ್ಟಿಗೆ ಇಡುವುದೂ ಬೇಡ. ಒಂದು ಮುಗಿದ ಮೇಲೆ ಇನ್ನೊಂದು.

ಬಟ್ಟಲು ಇಡುವ ಜಾಗವನ್ನೂ ನೋಡಿ. ಹಳೇ ಮನೆಗಳ ಕೆಂಪು ಸಿಮೆಂಟ್ ನೆಲದ ಮೇಲೆ ಕೆಂಪು ಬಟ್ಟಲು ಇಟ್ಟರೆ ಬಟ್ಟಲೇ ಕಾಣುವುದಿಲ್ಲ. ಬೆಳಕು ಇನ್ನೂ ಮುಖ್ಯ. ಮಳೆಗಾಲದಲ್ಲಿ ಹಂಚಿನ ಮನೆಯ ಒಳಗೆ ಮಧ್ಯಾಹ್ನವೂ ಕತ್ತಲೆ. ಲೈಟ್ ಬೆನ್ನ ಹಿಂದೆ ಇದ್ದರೆ ಅವರ ನೆರಳು ಬಟ್ಟಲಿಗೇ ಬೀಳುತ್ತದೆ. ಎದುರಿನಿಂದಲೋ ಪಕ್ಕದಿಂದಲೋ ಬೆಳಕು ಬರಲಿ.

ನೀರಿನ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಸ್ಟೀಲ್ ಲೋಟದಲ್ಲಿ ನೀರು ಇದೆಯೋ ಇಲ್ಲವೋ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಲೋಟವೇ ಎದ್ದು ಕಾಣುವಂತೆ ಗಾಢ ಬಣ್ಣದ್ದು ಕೊಡಿ. ಮಜ್ಜಿಗೆಗೂ ಅದೇ ಆಗುತ್ತದೆ. ಪುನರ್ಪುಳಿ ಶರಬತ್ತಾದರೆ ಬಿಳಿ ಕಪ್ಪಿನಲ್ಲಿ ಕೊಡಿ.

ಇನ್ನೊಂದು ವಿಷಯ. ಮೊಸರನ್ನಕ್ಕೆ ಸಾಸಿವೆ ಒಗ್ಗರಣೆ ಹಾಕಿದರೆ ‘ಇರುವೆ ಉಂಟು’ ಅಂತ ದೂರ ತಳ್ಳುವವರಿದ್ದಾರೆ. ಲೂಯಿ ಬಾಡಿ ಅನ್ನುವ ಇನ್ನೊಂದು ಬಗೆಯ ಮರೆವಿನ ಕಾಯಿಲೆಯಲ್ಲಿ (ಡಿಮೆನ್ಷಿಯಾ) ಹೀಗೆ ಒಂದು ಇನ್ನೊಂದಾಗಿ ಕಾಣುವುದು ಸಾಮಾನ್ಯ. ವಾದ ಮಾಡಬೇಡಿ. ಅವರ ಪಾಲಿಗೆ ಒಗ್ಗರಣೆ ಇಲ್ಲದೆ ತೆಗೆದಿಡಿ.

ಡೌನ್ ಸಿಂಡ್ರೋಮ್ ಇರುವವರ ಮನೆಯವರಿಗೂ ಇದೆಲ್ಲ ಉಪಯೋಗಕ್ಕೆ ಬರುತ್ತದೆ. ಅವರಲ್ಲಿ ತೆಳು ವ್ಯತ್ಯಾಸ ಗುರುತಿಸುವ ಶಕ್ತಿ ಮೊದಲಿನಿಂದಲೇ ಕಡಿಮೆ ಇರುತ್ತದೆ, ಅಲ್ಜೈಮರ್ ಕೂಡ ಬೇಗ ಬರುತ್ತದೆ.

ಆಟಿಸಂ ಇರುವ ಮಗುವಿನ ತಾಯಂದಿರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಕತೆಯೇ ಬೇರೆ. ಬರೀ ಇಡ್ಲಿ, ಮೊಸರನ್ನ ತಿನ್ನುವ ಮಗುವಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಬಿಳಿ ಅಂದರೆ ಗೊತ್ತಿರುವ ರುಚಿ, ಗೊತ್ತಿರುವ ಮೆತ್ತಗೆ ಅನ್ನುವ ಧೈರ್ಯ ಅದಕ್ಕೆ. ಪೌಷ್ಟಿಕ ಅಂತ ಇಡ್ಲಿ ಹಿಟ್ಟಿಗೆ ಬೀಟ್‌ರೂಟ್ ಕದ್ದು ಬೆರೆಸಿದರೆ ಅದು ಇಡ್ಲಿಯನ್ನೂ ಬಿಡಬಹುದು. ಹೊಸ ಪದಾರ್ಥವನ್ನು ಬೇರೆ ಬಟ್ಟಲಲ್ಲಿ, ಒಂದು ಚೂರು, ಸುಮ್ನೆ ಪಕ್ಕದಲ್ಲಿಡಿ. ಒತ್ತಾಯ ಬೇಡ.

ನಿಮ್ಮ ಅತ್ತೆಯ ವಿಷಯದಲ್ಲಿ ಒಂದು ವಾರ ಹಳೇ ಬಟ್ಟಲಲ್ಲಿ ಎಷ್ಟು ಉಳಿಯುತ್ತದೆ ಬರೆದಿಡಿ, ಮುಂದಿನ ವಾರ ಬಟ್ಟಲು ಮಾತ್ರ ಬದಲಾಯಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಹಲ್ಲುನೋವು, ಮಲಬದ್ಧತೆ ಇದೆಯಾ ವಿಚಾರಿಸಿ. ಅಲ್ಜೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಕೊಡುತ್ತಿದ್ದರೆ ಅದರಿಂದಲೂ ಹಸಿವು ಕಡಿಮೆಯಾಗಬಹುದು. ಆದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ತೂಕ ಇಳಿಯುತ್ತಿದ್ದರೆ, ಉಣ್ಣುವಾಗ ಕೆಮ್ಮು ಬರುತ್ತಿದ್ದರೆ ಬಟ್ಟಲಿನ ಪ್ರಯೋಗ ಮುಗಿಯಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ.