ಒಂದೇ ಗಲಾಟೆ, ಎರಡು ಪೇಪರ್‌ನಲ್ಲಿ ಎರಡು ಕಥೆ ಯಾಕೆ?

ಪ್ರಶ್ನೆ: ನಮ್ಮ ಮನೆಗೆ ಎರಡು ಪೇಪರ್ ಬರುತ್ತವೆ. ಮಂಗಳೂರಿನಲ್ಲಿ ಹೊಡೆದಾಟ ಆದ ಮರುದಿನ ಎರಡನ್ನೂ ಓದಿದರೆ ಬೇರೆ ಬೇರೆ ಘಟನೆ ಅನಿಸುತ್ತದೆ. ಯಾವುದೋ ಒಂದು ಸುಳ್ಳು ಬರೆಯುತ್ತಿದೆ ಅಂತ ಅರ್ಥವಾ?

ಹೆಚ್ಚಿನ ಸಲ ಎರಡೂ ಸುಳ್ಳು ಬರೆದಿರುವುದಿಲ್ಲ. ಜಾಗ, ಹೊತ್ತು, ಗಾಯಗೊಂಡವರ ಲೆಕ್ಕ ಎರಡರಲ್ಲೂ ಒಂದೇ. ಪೊಲೀಸರು ಕೊಟ್ಟದ್ದು ಒಂದೇ ಮಾಹಿತಿ ಅಲ್ವಾ? ಬೇರೆಯಾಗುವುದು ಪದಗಳಲ್ಲಿ. ‘ಬರ್ಬರ’, ‘ಅಟ್ಟಹಾಸ’, ‘ಬೆಚ್ಚಿಬಿದ್ದ ಕರಾವಳಿ’ ಇವೆಲ್ಲ ಕಣ್ಣಿಗೆ ಹೊಡೆಯುತ್ತವೆ, ಓದುಗರೂ ಉತ್ಪ್ರೇಕ್ಷೆ ಅಂತ ಸ್ವಲ್ಪ ಕಳೆದೇ ಓದುತ್ತಾರೆ. ನನಗೆ ಜಾಸ್ತಿ ಭಯ ಕ್ರಿಯಾಪದದ ಬಾಲದ ಬಗ್ಗೆ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಒಬ್ಬ ಇನ್ನೊಬ್ಬನಿಗೆ ಹೊಡೆದ ಅಂದುಕೊಳ್ಳಿ. ಕೂಲಿ ಕೆಲಸದವನಾದರೆ ‘ಹಲ್ಲೆ ನಡೆಸಿ ಪರಾರಿಯಾಗಿದ್ದಾನೆ’. ಊರಲ್ಲಿ ಹೆಸರಿರುವವರಾದರೆ ‘ಹಲ್ಲೆ ನಡೆಸಿದ್ದಾರೆ ಎನ್ನಲಾಗಿದೆ’. ಎರಡು ಕಡೆಯೂ ಆಗಿರುವುದು ಎಫ್‌ಐಆರ್ ಮಾತ್ರ, ಇಬ್ಬರೂ ಆರೋಪಿಗಳೇ. ಆದರೆ ಒಬ್ಬನಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನ, ಜೊತೆಗೆ ‘ಎನ್ನಲಾಗಿದೆ’ ಎಂಬ ಕೊಡೆ. ಅಂದವರು ಯಾರು? ಅದೊಂದು ಮಾತ್ರ ಬರುವುದಿಲ್ಲ. ಇಂಗ್ಲಿಷ್ ಪೇಪರ್‌ಗೆ ಈ ಏಕವಚನ-ಬಹುವಚನದ ಅನುಕೂಲ ಇಲ್ಲ, ಅಲ್ಲಿ ಇಬ್ಬರೂ ‘ಹಿ’ಯೇ.

ಇನ್ನು ‘ಅನ್ಯಕೋಮಿನ ಯುವಕ’. ಧರ್ಮದ ಹೆಸರು ಬೇಡ, ಊರು ಹೊತ್ತಿಕೊಳ್ಳಬಾರದು ಎಂಬ ಕಾಳಜಿಯ ಮಾತು ಇದು ಅಂತ ಹೇಳುತ್ತಾರೆ. ಸರಿ, ಆದರೆ ಯಾರಿಗೆ ಅನ್ಯ? ಪೇಪರ್ ಯಾರನ್ನು ತನ್ನ ಓದುಗ ಅಂದುಕೊಂಡಿದೆಯೋ ಅವನಿಗೆ. ಆ ಯುವಕನ ಮನೆಗೂ ಅದೇ ಪೇಪರ್ ಬರುತ್ತಿದ್ದರೆ, ದುಡ್ಡು ಕೊಟ್ಟು ತರಿಸಿದ ಪೇಪರ್‌ನಲ್ಲಿ ಅವನೇ ಹೊರಗಿನವನು. ಮುಂದಿನ ಸಾಲಿನಲ್ಲಿ ಹೆಸರೂ ಹಾಕಿರುತ್ತಾರೆ, ಮುಚ್ಚಿಟ್ಟದ್ದು ಏನು ಅಂತ ನನಗಂತೂ ಅರ್ಥವಾಗಿಲ್ಲ. ‘ಭಿನ್ನಕೋಮಿನ ಜೋಡಿ’ ಪರವಾಗಿಲ್ಲ, ಅಲ್ಲಿ ಇಬ್ಬರೂ ಸಮ.

2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ದೇಶವಿಡೀ ಟೀವಿಯಲ್ಲಿ ನೋಡಿತು. ಅಂಥದ್ದಕ್ಕೆ ನಾವು ಇಟ್ಟ ಹೆಸರು ‘ನೈತಿಕ ಪೊಲೀಸ್‌ಗಿರಿ’. ಹೊಡೆದವರ ಕೈಗೆ ನೀತಿಯನ್ನೂ ಕೊಟ್ಟು, ಮೈಗೆ ಖಾಕಿಯನ್ನೂ ತೊಡಿಸಿದ ಹಾಗೆ. ಕೆಲವರು ಈಗ ‘ಅನೈತಿಕ ಪೊಲೀಸ್‌ಗಿರಿ’ ಅಂತ ಬರೆಯುತ್ತಾರೆ. ಆದರೂ ಖಾಕಿ ಹೋಗಲಿಲ್ಲ. ಸುಮ್ನೆ ‘ಹಲ್ಲೆ’ ಅಂದರೆ ಆಗುತ್ತಿತ್ತು. ಹಾಗೆಯೇ ‘ಲಘು ಲಾಠಿ ಪ್ರಹಾರ’. ಲಘು ಅಂತ ತೂಗಿದವರು ಲಾಠಿ ಹಿಡಿದವರು, ಪೆಟ್ಟು ತಿಂದವರಲ್ಲ.

ನಿಯಮ ಇಲ್ಲ ಅಂತಲ್ಲ. ತಲೆಬರಹದಲ್ಲಿ ಆರೋಪ ಇದ್ದರೆ ಯಾರು ಮಾಡಿದ್ದು ಅಂತ ಹೇಳಬೇಕು, ಕೊನೇಪಕ್ಷ ಉದ್ಧರಣ ಚಿಹ್ನೆಯಾದರೂ ಇರಬೇಕು ಅನ್ನುತ್ತದೆ ಭಾರತೀಯ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್). ಪಾಲಿಸದಿದ್ದರೆ ಅದು ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ.

ಎಲ್ಲವನ್ನೂ ಬೇಕಂತಲೇ ಮಾಡುತ್ತಾರೆ ಅನ್ನಲಾರೆ. ನಾನೂ ಸ್ವಲ್ಪ ಕಾಲ ಪೇಪರ್‌ನ ಡೆಸ್ಕ್‌ನಲ್ಲಿದ್ದೆ, ಸುದ್ದಿ ತಿದ್ದಿ ಹೆಡಿಂಗ್ ಕೊಡುವ ಕೆಲಸ. ರಾತ್ರಿ ಪುಟವನ್ನು ಅಚ್ಚಿಗೆ ಬಿಡುವ ಹೊತ್ತು, ಎರಡು ಕಾಲಂ ಜಾಗ, ‘ಆರೋಪಿ ಪರಾರಿ’ ಅಂತ ಹೆಡಿಂಗ್ ಕೊಟ್ಟೆ. ಚಿಕ್ಕದು, ಜಾಗಕ್ಕೆ ಸರಿಯಾಗಿ ಕೂತಿತು. ಮರುದಿನ ಅವನ ತಾಯಿ ಫೋನ್ ಮಾಡಿದರು. “ಮಗ ಮನೆಯಲ್ಲೇ ಇದ್ದಾನೆ ಮಾರಾಯ್ರೆ, ಉಣ್ಣುತ್ತಾ ಇದ್ದಾನೆ. ಯಾರೂ ಕೇಳಿಕೊಂಡು ಬರಲೇ ಇಲ್ಲ.” ತಿದ್ದುಪಡಿ ಹಾಕಿದೆವು. ಒಳಪುಟದ ಕೆಳಮೂಲೆಯಲ್ಲಿ, ಎರಡು ಸಾಲು.