ಗೂಟ ಎಲ್ಲಿದೆ ಗೊತ್ತಾದರೆ ಶಾರ್ಟ್‌ಕಟ್ ಕಂಠಪಾಠ ಬೇಡ

ಕಂಪ್ಯೂಟರಿನಲ್ಲಿ ನಮ್ಮ ಬಹುಪಾಲು ಕೆಲಸ ಸೆಲೆಕ್ಟ್ ಮಾಡುವುದರಿಂದಲೇ ಶುರುವಾಗುತ್ತದೆ. ಸಾಲು ಅಳಿಸಬೇಕೆ, ಶೀರ್ಷಿಕೆ ದಪ್ಪಗೆ ಮಾಡಬೇಕೆ, ಮದುವೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಬೇಕೆ, ಮೊದಲು ‘ಇದು’ ಎಂದು ತೋರಿಸಬೇಕು. ಆಮೇಲೆ ‘ಹೀಗೆ ಮಾಡು’ ಎನ್ನಬೇಕು. ಆದರೆ ಕಲಿಸುವವರು ಕಂಟ್ರೋಲ್ ಸಿ, ಕಂಟ್ರೋಲ್ ವಿ ಹೇಳಿಕೊಟ್ಟು ಮುಂದಕ್ಕೆ ಹೋಗಿಬಿಡುತ್ತಾರೆ. ಹೀಗಾಗಿ ವರ್ಷಗಟ್ಟಲೆ ಡಿಟಿಪಿ ಮಾಡಿದವರು ಕೂಡ ಹತ್ತಾರು ಪುಟವನ್ನು ಮೌಸ್ ಒತ್ತಿಹಿಡಿದು ಎಳೆಯುತ್ತಾರೆ. ಪುಟ ಸರ್ರನೆ ಓಡಿಹೋಗುತ್ತದೆ, ಬೆರಳು ಜಾರುತ್ತದೆ, ಮತ್ತೆ ಮೊದಲಿನಿಂದ ಶುರು. ಅಷ್ಟು ಕಷ್ಟಪಡಬೇಕಾಗಿಲ್ಲ.

ಇವತ್ತು ನಾವು ಸೆಲೆಕ್ಟ್ ಮಾಡುವ ರೀತಿ ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಅಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ರೂಪಿಸಿದ್ದ ಬ್ರಾವೊ ಎಂಬ ಎಡಿಟರ್, ಅಂದರೆ ಬರೆಯುವ, ತಿದ್ದುವ ತಂತ್ರಾಂಶ ಇತ್ತು. ಅದರಲ್ಲಿ ಕೀಬೋರ್ಡಿಗೆ ಎರಡು ಸ್ಥಿತಿ. ಒಂದರಲ್ಲಿ ಒತ್ತಿದ ಅಕ್ಷರ ಅಕ್ಷರವಾಗಿಯೇ ಮೂಡುತ್ತಿತ್ತು, ಇನ್ನೊಂದರಲ್ಲಿ ಅದೇ ಅಕ್ಷರ ಆಜ್ಞೆಯಾಗುತ್ತಿತ್ತು. ಆಜ್ಞೆಯ ಸ್ಥಿತಿಯಲ್ಲಿರುವುದನ್ನು ಮರೆತು ‘ಎಡಿಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಏನಾಗುತ್ತಿತ್ತು ನೋಡಿ. ‘ಇ’ ಇಡೀ ಕಡತವನ್ನು ಸೆಲೆಕ್ಟ್ ಮಾಡುತ್ತಿತ್ತು, ‘ಡಿ’ ಅದನ್ನು ಅಳಿಸುತ್ತಿತ್ತು, ‘ಐ’ ಹೊಸದಾಗಿ ಬರೆಯಲು ಶುರುಮಾಡುತ್ತಿತ್ತು, ಕೊನೆಗೆ ‘ಟಿ’ ಅಕ್ಷರವೊಂದು ಪರದೆಯ ಮೇಲೆ ಉಳಿಯುತ್ತಿತ್ತು. ಇಡೀ ದಿನದ ಬರಹ ಹೋಗಿ ಒಂದಕ್ಷರ!

ಅದೇ ಪ್ರಯೋಗಾಲಯದ ಲ್ಯಾರಿ ಟೆಸ್ಲರ್‌ಗೆ ಈ ಎರಡು ಸ್ಥಿತಿಗಳ ಗೊಂದಲ ಸಹಿಸಲಾಗದ ವಿಷಯ. ಅವರ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ (ಇಂಥ ಸ್ಥಿತಿಗಳು ಬೇಡ) ಎಂದೇ ಇತ್ತು. ಅವರು ಮತ್ತು ಟಿಮ್ ಮಾಟ್ ಸೇರಿ ಪಠ್ಯಪುಸ್ತಕ ಪ್ರಕಾಶಕರಾದ ಜಿನ್ ಅಂಡ್ ಕಂಪನಿಗಾಗಿ ಜಿಪ್ಸಿ ಎಂಬ ಎಡಿಟರ್ ಮಾಡಿದರು. ಮೌಸ್ ಎಳೆದರೆ ಪಠ್ಯ ಸೆಲೆಕ್ಟ್ ಆಗುವುದು, ಡಬಲ್ ಕ್ಲಿಕ್ಕಿಗೆ ಪೂರ್ತಿ ಪದ ಸಿಗುವುದು, ಸೆಲೆಕ್ಟ್ ಮಾಡಿದ ಮೇಲೆ ಏನು ಟೈಪ್ ಮಾಡಿದರೂ ಅದು ಹಳೆಯದರ ಜಾಗಕ್ಕೆ ಬಂದು ಕೂರುವುದು, ಎಲ್ಲವೂ ಅದರಲ್ಲಿದ್ದವು. ಕಟ್, ಕಾಪಿ, ಪೇಸ್ಟ್ ಜೊತೆಗೆ ಟೆಸ್ಲರ್ ಹೆಸರು ಅಂಟಿಕೊಂಡದ್ದು ಹೀಗೆ. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತು ನೆನೆದದ್ದು ಆ ಮೂರನ್ನೇ. ನನಗೆ ಮಾತ್ರ ಅದಕ್ಕಿಂತ ಮುಂಚಿನ ಹೆಜ್ಜೆಯಾದ ಸೆಲೆಕ್ಷನ್ನೇ ದೊಡ್ಡದೆನಿಸುತ್ತದೆ.

ಈಗ ವಿಷಯದ ತಿರುಳಿಗೆ ಬರೋಣ. ಯಾವುದೇ ಸೆಲೆಕ್ಷನ್ನಿಗೆ ಎರಡು ತುದಿ. ಒಂದು ತುದಿ ಅಲುಗಾಡುವುದಿಲ್ಲ, ಇನ್ನೊಂದು ಓಡಾಡುತ್ತದೆ. ಗೂಟಕ್ಕೆ ಹಗ್ಗ ಕಟ್ಟಿ ಬಿಟ್ಟ ಕರುವಿನ ಹಾಗೆ. ಕರು ಎಲ್ಲಿಗೆ ಹೋದರೂ ಗೂಟ ಇದ್ದಲ್ಲೇ ಇರುತ್ತದೆ. ಮಿನುಗುವ ಕರ್ಸರ್ ಕೂಡ ಒಂದು ಸೆಲೆಕ್ಷನ್ನೇ, ಎರಡೂ ತುದಿ ಒಂದೇ ಕಡೆ ಇರುವ ಖಾಲಿ ಸೆಲೆಕ್ಷನ್. ಸೆಲೆಕ್ಟ್ ಮಾಡುವಾಗ ಶಿಫ್ಟ್ ಕೀಲಿಯ ಅರ್ಥ ಎಲ್ಲ ಕಡೆಯೂ ಒಂದೇ: ಗೂಟವನ್ನು ಹಾಗೇ ಬಿಟ್ಟು ಇನ್ನೊಂದು ತುದಿಯನ್ನು ಮಾತ್ರ ಸರಿಸು.

ಈಗಲೇ ಒಂದು ಸಾಲು ಟೈಪ್ ಮಾಡಿ ನೋಡಿ. ಸಾಲಿನ ನಡುವೆ ಕರ್ಸರ್ ಇಟ್ಟು, ಶಿಫ್ಟ್ ಹಿಡಿದು ಬಲ ಬಾಣವನ್ನು ಮೂರು ಸಲ ಒತ್ತಿ. ಬಲಕ್ಕೆ ಬಣ್ಣ ಹರಡಿತು. ಶಿಫ್ಟ್ ಬಿಡದೆ ಎಡ ಬಾಣವನ್ನು ಐದು ಸಲ ಒತ್ತಿ. ಮೊದಲ ಮೂರಕ್ಕೆ ಬಣ್ಣ ಕುಗ್ಗಿ ಇಲ್ಲವಾಗುತ್ತದೆ, ಮುಂದಿನ ಎರಡಕ್ಕೆ ಕರ್ಸರ್ ಇದ್ದ ಜಾಗದ ಎಡಗಡೆ ಹರಡುತ್ತದೆ. ಗೂಟ ಕದಲಲೇ ಇಲ್ಲ.

ಇದು ತಿಳಿದಮೇಲೆ ಇಪ್ಪತ್ತು ಪುಟ ಎಳೆಯುವ ಪ್ರಮೇಯವೇ ಬರುವುದಿಲ್ಲ. ಮೊದಲ ಅಕ್ಷರದ ಮುಂದೆ ಒಮ್ಮೆ ಕ್ಲಿಕ್ ಮಾಡಿ ಗೂಟ ಹೊಡೆಯಿರಿ. ಮೌಸ್ ಬಿಟ್ಟು, ನಿಧಾನವಾಗಿ ಕೊನೆಯವರೆಗೆ ಸ್ಕ್ರಾಲ್ ಮಾಡಿ, ಬೇಕಾದಲ್ಲಿ ಶಿಫ್ಟ್ ಒತ್ತಿ ಕ್ಲಿಕ್ ಮಾಡಿ. ಮುಗಿಯಿತು. ಒಂದೆರಡು ಸಾಲು ಹೆಚ್ಚಾಯಿತೇ? ಶಿಫ್ಟ್ ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ಸರಿಹೋಗುತ್ತದೆ. ವಿಂಡೋಸಿನಲ್ಲಿ ಬಾಣದ ಜೊತೆ ಕಂಟ್ರೋಲ್ ಸೇರಿದರೆ ಹೆಜ್ಜೆ ಅಕ್ಷರದಿಂದ ಪದಕ್ಕೆ ಹಿಗ್ಗುತ್ತದೆ (ಮ್ಯಾಕಿನಲ್ಲಿ ಆ ಕೆಲಸ ಆಪ್ಷನ್ ಕೀಲಿಯದು). ಶಿಫ್ಟ್ ಜೊತೆ ಹೋಮ್ ಅಥವಾ ಎಂಡ್ ಒತ್ತಿದರೆ ಸಾಲಿನ ತುದಿಯವರೆಗೆ, ಕಂಟ್ರೋಲ್ ಕೂಡ ಸೇರಿಸಿದರೆ ಕಡತದ ತುದಿಯವರೆಗೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಡಬಲ್ ಕ್ಲಿಕ್ಕಿನ ಎರಡನೇ ಕ್ಲಿಕ್ಕನ್ನು ಬಿಡದೆ ಎಳೆದರೆ ಸೆಲೆಕ್ಷನ್ ಪದಪದವಾಗಿ ಬೆಳೆಯುತ್ತದೆ, ಅರ್ಧ ಪದ ಸಿಕ್ಕಿಬೀಳುವ ಕಿರಿಕಿರಿಯೇ ಇಲ್ಲ. ವರ್ಡ್‌ನಲ್ಲಿ ಆಲ್ಟ್ ಹಿಡಿದು ಎಳೆದರೆ ಲಂಬವಾದ ಪಟ್ಟಿ ಸೆಲೆಕ್ಟ್ ಆಗುತ್ತದೆ. ಎಲ್ಲಿಂದಲೋ ತಂದು ಅಂಟಿಸಿದ ಪಟ್ಟಿಯ ಎಡಗಡೆಯ ಕ್ರಮಸಂಖ್ಯೆಗಳನ್ನೆಲ್ಲ ಒಂದೇ ಏಟಿಗೆ ತೆಗೆಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಫೈಲುಗಳ ವಿಷಯದಲ್ಲೂ ಇದೇ ನಿಯಮ, ಆದರೆ ಇಲ್ಲಿ ಕಂಟ್ರೋಲಿನ ಪಾತ್ರ ಬೇರೆ. ವಿಂಡೋಸಿನ ಒಂದು ಫೋಲ್ಡರಿನಲ್ಲಿ ಮೊದಲ ಫೋಟೋ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಹತ್ತನೆಯದನ್ನು ಕ್ಲಿಕ್ ಮಾಡಿದರೆ ಹತ್ತೂ ಬಂದವು. ಮತ್ತೆ ಶಿಫ್ಟ್ ಹಿಡಿದು ಐದನೆಯದನ್ನು ಕ್ಲಿಕ್ ಮಾಡಿದರೆ ಉಳಿಯುವುದು ಐದು, ಏಕೆಂದರೆ ಗೂಟ ಇನ್ನೂ ಮೊದಲ ಫೋಟೋದಲ್ಲೇ ಇದೆ. ಈಗ ಕಂಟ್ರೋಲ್ ಹಿಡಿದು ಎಂಟನೆಯದನ್ನು ಕ್ಲಿಕ್ ಮಾಡಿ. ಐದರ ಜೊತೆಗೆ ಎಂಟನೆಯದೂ ಸೇರಿತು, ಜೊತೆಗೆ ಗೂಟವೂ ಎಂಟಕ್ಕೆ ಬಂತು. ಇಲ್ಲೇ ಬಹಳಷ್ಟು ಜನ ಎಡವುವುದು. ಇನ್ನೂ ಬೇಕೆಂದು ಬರೀ ಶಿಫ್ಟ್ ಹಿಡಿದು ಹನ್ನೆರಡನೆಯದನ್ನು ಕ್ಲಿಕ್ ಮಾಡಿದರೆ ಮೊದಲ ಐದೂ ಕೈಬಿಟ್ಟು ಎಂಟರಿಂದ ಹನ್ನೆರಡು ಮಾತ್ರ ಉಳಿಯುತ್ತವೆ. ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಕ್ಲಿಕ್ ಮಾಡಿದರೆ ಹಳೆಯವೂ ಇರುತ್ತವೆ, ಹೊಸ ಸಾಲೂ ಸೇರುತ್ತದೆ.

ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವಾಗ ಕೈ ಅಲುಗಬಾರದು. ಮೌಸ್ ಸ್ವಲ್ಪ ಜರುಗಿದರೂ ವಿಂಡೋಸ್ ಅದನ್ನು ‘ಎಳೆದು ನಕಲು ಮಾಡು’ ಎಂದು ತಿಳಿಯಬಹುದು. ಫೋಲ್ಡರಿನಲ್ಲಿ ‘ಕಾಪಿ’ ಎಂಬ ಬಾಲ ಹೊತ್ತ ಫೈಲುಗಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಬಹುತೇಕ ಇದೇ ಕಾರಣ. ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ಅವು ಮಾಯ. ಮಣಿಕಟ್ಟು ನೋವಿರುವವರು, ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳವರು ಮೌಸನ್ನೇ ಮುಟ್ಟಬೇಕಿಲ್ಲ. ಕಂಟ್ರೋಲ್ ಹಿಡಿದು ಬಾಣಗಳಿಂದ ಫೈಲಿನಿಂದ ಫೈಲಿಗೆ ಸಾಗಿ, ಬೇಕಾದಲ್ಲಿ ಸ್ಪೇಸ್ ಬಾರ್ ಒತ್ತಿದರೆ ಆ ಒಂದು ಫೈಲ್ ಪಟ್ಟಿಗೆ ಸೇರುತ್ತದೆ.

ಕನ್ನಡ ಪಠ್ಯಕ್ಕೆ ಬಂದರೆ ಮಾತ್ರ ಇಷ್ಟು ಸಲೀಸಿಲ್ಲ. ‘ಮನೆಯಲ್ಲಿದ್ದವರಿಗೂ’ ನಮ್ಮ ಕಣ್ಣಿಗೆ ಎಂಟು ಅಕ್ಷರ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡುವ ಯುನಿಕೋಡ್ ಲೆಕ್ಕದಲ್ಲಿ ಹದಿನಾರು ಸಂಕೇತ. ಡಬಲ್ ಕ್ಲಿಕ್ ಮಾಡಿದರೆ ಪ್ರತ್ಯಯಗಳ ಸಮೇತ ಅಷ್ಟೂ ಒಂದೇ ಪದವಾಗಿ ಬರುತ್ತದೆ. ಕೊನೆಯ ‘ಗೂ’ ಬದಲು ‘ಗೆ’ ಬೇಕಿದ್ದರೆ ಪದದ ಕೊನೆಗೆ ಹೋಗಿ ಶಿಫ್ಟ್ ಜೊತೆ ಎಡ ಬಾಣವನ್ನು ಒಮ್ಮೆ ಒತ್ತಿ ‘ಗೆ’ ಟೈಪ್ ಮಾಡುವುದೇ ಸರಿಯಾದ ದಾರಿ. ಬ್ಯಾಕ್‌ಸ್ಪೇಸ್ ನಡೆಯುವ ರೀತಿ ಬೇರೆ. ಅದು ಸಾಮಾನ್ಯವಾಗಿ ಸಂಕೇತಗಳನ್ನು ಒಂದೊಂದಾಗಿ ಕೀಳುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ. ಮೊದಲ ಒತ್ತಿಗೆ ಅದು ‘ಸ್ತ್ರ’ ಆಗುತ್ತದೆ, ಎರಡನೆಯದಕ್ಕೆ ‘ಸ್ತ್’, ಮೂರನೆಯದಕ್ಕೆ ‘ಸ್ತ’. ದೀರ್ಘ ಮಾತ್ರ ತಿದ್ದಬೇಕಾದವರಿಗೆ ಇದು ಒಳ್ಳೆಯದೇ.

ಕನ್ನಡದಲ್ಲಿ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕಷ್ಟ ಇನ್ನೂ ದೊಡ್ಡದಿತ್ತು. ಹಳೆಯ ನುಡಿ ಫಾಂಟಿನ ಬರಹದಲ್ಲಿ ಕನ್ನಡ ಕಾಣುತ್ತಿದ್ದುದು ಪರದೆಯ ಮೇಲೆ ಮಾತ್ರ, ಒಳಗಿದ್ದುದು ಯುರೋಪಿನ ಅಕ್ಷರ, ಚಿಹ್ನೆಗಳು. ‘ನ’ ಕಾರಕ್ಕೆ ಬಳಸಿದ್ದು ಪೌಂಡ್ ನಾಣ್ಯದ ಚಿಹ್ನೆ, ‘ವಿ’ಗೆ ಫ್ರೆಂಚರ ಉದ್ಧರಣ ಚಿಹ್ನೆ. ಇಂಥ ಬರಹದಲ್ಲಿ ಪದ ಎಲ್ಲಿ ಮುಗಿಯುತ್ತದೆ ಎಂದು ಕಂಪ್ಯೂಟರ್ ಹೇಗೆ ತಾನೇ ತಿಳಿದೀತು? ಹಳೆಯ ಕಡತಗಳನ್ನು ತೆರೆದಾಗ ಡಬಲ್ ಕ್ಲಿಕ್ಕಿಗೆ ಪದ ಅರ್ಧಕ್ಕೇ ತುಂಡಾದರೆ ನಿಮ್ಮ ಮೌಸಿನದೇನೂ ತಪ್ಪಿಲ್ಲ.

ಯುನಿಕೋಡಿನಲ್ಲೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ನಿಯಮ 2023ರ 15.1ನೇ ಆವೃತ್ತಿಯಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ತೆಲುಗಿನಂತೆಯೇ ಒತ್ತು ಬರೆಯುವ ನಮ್ಮ ಲಿಪಿಗೂ ಅದು ಬೇಕು. ಕನ್ನಡ ತಂತ್ರಾಂಶದ ಕೆಲಸದಲ್ಲಿರುವವರು ಇದನ್ನು ಗಟ್ಟಿಯಾಗಿ ಕೇಳಬೇಕು. ಕೆಲವು ತಂತ್ರಾಂಶಗಳಲ್ಲಿ ಕರ್ಸರ್ ‘ಲ್ಲಿ’ಯ ನಡುವೆಯೂ ನಿಲ್ಲುತ್ತದೆ. ಶಿಫ್ಟ್ ಮತ್ತು ಬಾಣದಿಂದ ಸೆಲೆಕ್ಟ್ ಮಾಡಿದ ಮೇಲೆ ಡಿಲೀಟ್ ಒತ್ತುವ ಮುಂಚೆ ಬಣ್ಣದ ಎರಡೂ ಅಂಚುಗಳನ್ನು ನೋಡಿಕೊಳ್ಳಿ. ಒತ್ತು ಹೊರಗುಳಿದಂತೆ ಕಂಡರೆ ಬಾಣವನ್ನು ಇನ್ನೊಮ್ಮೆ ಒತ್ತಿ.